ಫುಟ್‌ಬಾಲ್ ಆಡಿ ಮಂಡಿ ಕೆಡಿಸಿಕೊಂಡ ಇಂಜಿನಿಯರ್, ಪ್ರಧಾನಿಗೂ ಪಾಠ ಹೇಳಿದ ಮೇಷ್ಟ್ರಾದ ಕಥೆ

ಆಟದಲ್ಲಿ ಮಂಡಿ ತಿರುಚಿಕೊಂಡವರು ನಮ್ಮ ತಾಲ್ಲೂಕಿನಲ್ಲೂ ಬೇಕಾದಷ್ಟು ಜನ ಸಿಗ್ತಾರೆ. ಕಬಡ್ಡಿಯಲ್ಲಿ ರೈಡ್‌ಗೆ ಹೋಗಿ ತಿರುಗುವಾಗ ಒಂದು ಸಲ ಟಕ್ ಅಂತ ಶಬ್ದ ಬಂತು ಅಂದ್ರೆ ಮುಗೀತು. ಊತ, ಕಟ್ಟು, ಸ್ಕ್ಯಾನಿಂಗ್, ಆಮೇಲೆ ಲಿಗಮೆಂಟ್ ಹೋಗಿದೆ ಅನ್ನೋ ಮಾತು. ಹೆಚ್ಚಿನವರ ಆಟ ಅಲ್ಲಿಗೇ ನಿಲ್ಲುತ್ತೆ. ಮಳೆಗಾಲದಲ್ಲಿ ನೋವು ಬಂದಾಗ ಮಾತ್ರ ಹಳೆಯ ಪಂದ್ಯ ನೆನಪಾಗುತ್ತೆ.

1929ರಲ್ಲಿ ಟೆಲ್ ಅವಿವ್ ಕಡೆ ಒಬ್ಬ 25ರ ಯುವಕನಿಗೂ ಇದೇ ಆಯ್ತು. ಫುಟ್‌ಬಾಲ್ ಪಂದ್ಯದಲ್ಲಿ ಎಡ ಮಂಡಿ ಕೆಟ್ಟಿತು. ಹೆಸರು ಮೋಶೆ ಫೆಲ್ಡೆನ್‌ಕ್ರೈಸ್. ಆ ಮಂಡಿ ಅವರನ್ನು ಮುಂದಿನ ಐವತ್ತು ವರ್ಷ ಬಿಡಲಿಲ್ಲ, ಅವರೂ ಆ ಮಂಡಿಯನ್ನು ಬಿಡಲಿಲ್ಲ. ಇವತ್ತು ಲಂಡನ್‌ನಿಂದ ನ್ಯೂಯಾರ್ಕ್‌ವರೆಗೆ ಸಂಗೀತಗಾರರು, ನೃತ್ಯದವರು, ಬೆನ್ನುನೋವಿನವರು ಹೋಗಿ ಕಲಿಯುವ ಫೆಲ್ಡೆನ್‌ಕ್ರೈಸ್ ಪದ್ಧತಿ ಹುಟ್ಟಿದ್ದು ಆ ಒಂದು ಪೆಟ್ಟಿನಿಂದ.

ನಡೆದೇ ಹೊರಟ ಹುಡುಗ

ಮೋಶೆ ಹುಟ್ಟಿದ್ದು 1904ರ ಮೇ 6ರಂದು, ಸ್ಲಾವುಟಾ ಎಂಬ ಊರಲ್ಲಿ. ಆಗ ಅದು ರಷ್ಯಾ ಸಾಮ್ರಾಜ್ಯ, ಈಗ ಉಕ್ರೇನ್. ಯಹೂದಿ ಕುಟುಂಬ. ಆಮೇಲೆ ಮನೆಯವರು ಬಾರಾನೊವಿಚಿಗೆ ಬಂದರು. ಅದು ಈಗ ಬೆಲಾರುಸ್‌ನಲ್ಲಿದೆ. ಮೊದಲ ಮಹಾಯುದ್ಧದ ಸೈನ್ಯಗಳು ಓಡಾಡಿದ ಜಾಗ ಅದು. ಯಹೂದಿಗಳಿಗೆ ಅಲ್ಲಿ ನೆಮ್ಮದಿ ಇರಲಿಲ್ಲ. ಹದಿನಾಲ್ಕನೇ ವಯಸ್ಸಿಗೆ ಹುಡುಗ ಅಪ್ಪ ಅಮ್ಮನನ್ನು ಬಿಟ್ಟು ಪ್ಯಾಲೆಸ್ಟೈನ್‌ಗೆ ಹೊರಟುಬಿಟ್ಟ. ಹೆಚ್ಚಿನ ದಾರಿ ಕಾಲ್ನಡಿಗೆ. ಊರಿಂದ ಊರಿಗೆ ಹೋಗುತ್ತಾ ಬೇರೆ ಮಕ್ಕಳು, ದೊಡ್ಡವರು ಸೇರಿಕೊಂಡು ಒಂದು ಗುಂಪೇ ಆಯ್ತು. ನಡುವೆ ಸ್ವಲ್ಪ ದಿನ ಒಂದು ಸಣ್ಣ ಸರ್ಕಸ್ ಕಂಪನಿ ಜೊತೆಗೂ ಹೋದರಂತೆ. ಲಾಗ ಹೊಡೆಯೋದು, ಪೆಟ್ಟಾಗದಂತೆ ಬೀಳೋದು ಹೇಗೆ ಅಂತ ಸರ್ಕಸ್‌ನವರು ಹುಡುಗನಿಗೆ ಕಲಿಸಿದರು ಅಂತ ಅವರ ಜೀವನಕಥೆ ಬರೆದವರು ಹೇಳ್ತಾರೆ. ಕೊನೆಗೆ ಇಟಲಿ ತಲುಪಿ ಹಡಗು ಹತ್ತಿದರು.

ಟೆಲ್ ಅವಿವ್ ಆಗಿನ್ನೂ ಮರಳ ಮೇಲೆ ಎದ್ದು ಬರುತ್ತಿದ್ದ ಊರು. ಹುಡುಗ ಗಾರೆ ಕೆಲಸ, ಕಟ್ಟಡದ ಕೂಲಿ ಮಾಡಿದ. ಹತ್ತೊಂಬತ್ತಕ್ಕೆ ಮತ್ತೆ ಶಾಲೆಗೆ ಸೇರಿದ. ಹೊಟ್ಟೆಪಾಡಿಗೆ ಮನೆಪಾಠ. ಬೇರೆ ಮೇಷ್ಟ್ರುಗಳು ಇವನಿಗೆ ತಲೆಗೆ ಹತ್ತಲ್ಲ ಅಂತ ಕೈಬಿಟ್ಟ ಮಕ್ಕಳು ಇವನ ಹತ್ತಿರ ಕಲಿಯುತ್ತಿದ್ದರು. ಈ ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. 1925ರಲ್ಲಿ ಶಾಲೆ ಮುಗಿಸಿ ಬ್ರಿಟಿಷ್ ಸರ್ಕಾರದ ಸರ್ವೆ ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ.

ಕೈ ತಾನೇ ಮೇಲೇಳುತ್ತೆ

ಆ ದಿನಗಳಲ್ಲಿ ಅಲ್ಲಿ ಅರಬ್ಬರಿಗೂ ಯಹೂದಿಗಳಿಗೂ ಗಲಾಟೆ. ಚಾಕು, ದೊಣ್ಣೆ ಹಿಡಿದು ಬೀದಿ ಜಗಳಗಳು. ಯುವಕರು ಜಪಾನಿನ ಜುಜುತ್ಸು ಕಲಿಯುತ್ತಿದ್ದರು. ಮೋಶೆಯೂ ಕಲಿತರು. ಆದರೆ ಅವರಿಗೆ ಒಂದು ವಿಚಿತ್ರ ಕಾಣಿಸಿತು. ತಿಂಗಳುಗಟ್ಟಲೆ ಪಟ್ಟು ಕಲಿತವನೂ ನಿಜವಾಗಿ ಚಾಕು ಎದುರು ಬಂದಾಗ ಕಲಿತದ್ದೆಲ್ಲ ಮರೆತು ಮುಖಕ್ಕೆ ಅಡ್ಡ ಕೈ ಎತ್ತುತ್ತಾನೆ.

ಬೇರೆ ಯಾರಾದರೂ ಆಗಿದ್ದರೆ ಇನ್ನೂ ಜಾಸ್ತಿ ಅಭ್ಯಾಸ ಮಾಡಿ ಅಂತ ಗದರಿಸುತ್ತಿದ್ದರು. ಮೋಶೆ ಗೆಳೆಯರ ಮೇಲೆ ಹುಸಿ ದಾಳಿ ಮಾಡಿಸಿ, ಅವರ ದೇಹ ಮೊದಲ ಕ್ಷಣದಲ್ಲಿ ಏನು ಮಾಡುತ್ತೆ ಅಂತ ಫೋಟೋ ತೆಗೆದರು. ಆಮೇಲೆ ಆ ತಾನಾಗೇ ಏಳುವ ಕೈಯಿಂದಲೇ ಶುರುವಾಗುವ ಪಟ್ಟುಗಳನ್ನು ಕಟ್ಟಿದರು. ದೇಹಕ್ಕೆ ಹೇಗಿದ್ದರೂ ಬರುವ ಚಲನೆ ಅದು, ಅದನ್ನು ತಡೆಯೋದು ಯಾಕೆ, ಅದನ್ನೇ ಬಳಸಿಕೊಂಡರಾಯ್ತು ಅನ್ನೋದು ಲೆಕ್ಕ. ಇದನ್ನೆಲ್ಲ ಸೇರಿಸಿ ಜುಜುತ್ಸು ಬಗ್ಗೆ ಹೀಬ್ರೂ ಭಾಷೆಯಲ್ಲಿ ಒಂದು ಪುಸ್ತಕ ಬರೆದರು.

ಅಷ್ಟರಲ್ಲಿ ಆ ಫುಟ್‌ಬಾಲ್ ಪಂದ್ಯ ಬಂತು.

ಮಂಡಿ ಅನ್ನೋದು ಪಾಪದ ಕೀಲು. ಬಾಗಿಲ ಕೀಲಿನ ಹಾಗೆ ಹಿಂದೆ ಮುಂದೆ ಮಡಚೋದೇ ಅದರ ಮುಖ್ಯ ಕೆಲಸ. ಸುತ್ತ ತಿರುಗುವುದು ಸೊಂಟದ ಕೀಲಿನ ಕೆಲಸ. ಪಾದ ನೆಲಕ್ಕೆ ಕಚ್ಚಿಕೊಂಡಿದ್ದು ಮೈ ಮಾತ್ರ ಪಕ್ಕಕ್ಕೆ ತಿರುಗಿದರೆ ಆ ತಿರುಚು ಪೂರಾ ಮಂಡಿ ಮೇಲೆ ಬೀಳುತ್ತೆ. ಒಳಗಿನ ಲಿಗಮೆಂಟು, ಎರಡು ಮೂಳೆ ನಡುವಿನ ಮೆತ್ತೆ ಎರಡೂ ಹರಿಯಬಹುದು. ಇವತ್ತು ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು ಆಪರೇಷನ್ ಮಾಡ್ತಾರೆ. 1929ರಲ್ಲಿ ಅದೆಲ್ಲ ಎಲ್ಲಿತ್ತು? ಪೆನ್ಸಿಲಿನ್ ಕಂಡುಹಿಡಿದು ಒಂದು ವರ್ಷವಾಗಿತ್ತಷ್ಟೆ, ರೋಗಿಗಳ ಕೈಗೆ ಬಂದಿರಲಿಲ್ಲ. ಕೀಲು ತೆರೆದರೆ ಕೀವು ತುಂಬುವ ಭಯ. ಮೋಶೆ ತಿಂಗಳುಗಳ ಕಾಲ ಹಾಸಿಗೆ ಹಿಡಿದರು.

ಮಲಗಿದ್ದಲ್ಲೇ ಒಂದು ಕೆಲಸ ಮಾಡಿದರು. ಫ್ರಾನ್ಸಿನ ಎಮಿಲ್ ಕುಯೆ ಅನ್ನೋರು ಪ್ರಚಾರ ಮಾಡಿದ್ದ ಸ್ವಸೂಚನೆ, ಅಂದರೆ ಮನಸ್ಸಿಗೆ ತಾನೇ ಹೇಳಿಕೊಂಡು ಸುಧಾರಿಸಿಕೊಳ್ಳುವ ವಿಧಾನದ ಬಗ್ಗೆ ಒಂದು ಪುಸ್ತಕವನ್ನು ಹೀಬ್ರೂಗೆ ತಂದರು, ಜೊತೆಗೆ ತಮ್ಮದೇ ಎರಡು ಅಧ್ಯಾಯ ಸೇರಿಸಿದರು. ಮಂಡಿ ವಾಸಿಯಾಗಲಿ ಅಂತ ಓದಲು ಶುರು ಮಾಡಿದವರು ಅಲ್ಲಿಂದ ಮೈಗೂ ಮನಸ್ಸಿಗೂ ಏನು ಸಂಬಂಧ ಅನ್ನೋ ಪ್ರಶ್ನೆಗೆ ಬಿದ್ದರು.

ಪ್ಯಾರಿಸ್‌ನಲ್ಲಿ ಸಿಕ್ಕ ಜಪಾನಿ ಗುರು

1930ರಲ್ಲಿ ಮೋಶೆ ಪ್ಯಾರಿಸ್‌ಗೆ ಹೋಗಿ ಇಂಜಿನಿಯರಿಂಗ್ ಸೇರಿದರು. 1933ಕ್ಕೆ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎರಡರಲ್ಲೂ ಪದವಿ ಬಂತು. ಮುಂದೆ ಸೊರ್ಬಾನ್‌ನಿಂದ ಡಾಕ್ಟರೇಟ್ ಕೂಡ. ಫ್ರೆಡ್ರಿಕ್ ಜೋಲಿಯೊ ಕ್ಯೂರಿ ಅವರ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಜೋಲಿಯೊ ಕ್ಯೂರಿ ಅಂದರೆ ಮೇಡಂ ಕ್ಯೂರಿಯ ಅಳಿಯ. 1935ರಲ್ಲಿ ಗಂಡ ಹೆಂಡತಿ ಇಬ್ಬರಿಗೂ ಸೇರಿ ರಸಾಯನಶಾಸ್ತ್ರದ ನೊಬೆಲ್ ಬಂದಿತ್ತು. ಅಂಥ ಜಾಗದಲ್ಲಿ ಮೋಶೆ ಪರಮಾಣು ಪ್ರಯೋಗಗಳಿಗೆ ಬೇಕಾದ ಭಾರಿ ವೋಲ್ಟೇಜಿನ ಯಂತ್ರ ಕಟ್ಟುವ ಕೆಲಸದಲ್ಲಿದ್ದರು. ಹಾಗೇ ಮುಂದುವರೆದಿದ್ದರೆ ವಿಜ್ಞಾನಿಯಾಗಿಯೇ ಹೆಸರು ಮಾಡಬಹುದಿತ್ತು.

ಆದರೆ 1933ರಲ್ಲಿ ಜಿಗೊರೊ ಕಾನೊ ಪ್ಯಾರಿಸ್‌ಗೆ ಬಂದರು. ಜೂಡೋ ಕಟ್ಟಿದವರೇ ಇವರು. ಆಗ 70 ದಾಟಿದ್ದ ಹಿರಿಯ. ಕಾನೊ ಬರೀ ಕುಸ್ತಿ ಉಸ್ತಾದ್ ಅಲ್ಲ, ಜಪಾನಿನಲ್ಲಿ ಶಿಕ್ಷಕರನ್ನು ತಯಾರು ಮಾಡುವ ಕಾಲೇಜಿನ ಮುಖ್ಯಸ್ಥರಾಗಿದ್ದವರು. ಹಳೆಯ ಜುಜುತ್ಸುವಿನ ಅಪಾಯದ ಪಟ್ಟುಗಳನ್ನು ಬದಿಗಿಟ್ಟು, ಕಡಿಮೆ ಶಕ್ತಿಯಲ್ಲಿ ಹೆಚ್ಚು ಕೆಲಸ ತೆಗೆಯುವುದನ್ನೇ ಜೂಡೋದ ತಿರುಳು ಮಾಡಿದ್ದರು. ಮೋಶೆ ತಮ್ಮ ಪುಸ್ತಕ ಕೊಟ್ಟರು. ತಾನಾಗೇ ಮೇಲೇಳುವ ಕೈಯನ್ನೇ ಬಳಸಿ ಚಾಕು ತಪ್ಪಿಸುವ ಪಟ್ಟು ನೋಡಿ ಕಾನೊ ಅವರ ಗಮನ ನಿಂತಿತು. ಯುರೋಪಿನಲ್ಲಿ ಜೂಡೋ ಬೆಳೆಸಲು ಇವನೇ ಸರಿ ಅಂತ ಅವರಿಗೆ ಅನ್ನಿಸಿತು.

ಮಂಡಿ ಕೆಟ್ಟವನು ಜೂಡೋ ಕಲಿತಿದ್ದು ಹೇಗೆ ಅಂತ ಕೇಳಬಹುದು. ಜೂಡೋದಲ್ಲಿ ಬಲಕ್ಕಿಂತ ತೂಕ ಎಲ್ಲಿ ನಿಂತಿದೆ ಅನ್ನೋದು ಮುಖ್ಯ. ಎದುರಾಳಿಯ ತೂಕ ಯಾವ ಕಾಲಿನ ಮೇಲಿದೆ, ಎತ್ತ ಎಳೆದರೆ ಬೀಳುತ್ತಾನೆ ಅನ್ನುವುದು ಇಂಜಿನಿಯರ್‌ಗೆ ಅರ್ಥವಾಗುವ ಲೆಕ್ಕ. 1936ರಲ್ಲಿ ಮೋಶೆಗೆ ಬ್ಲ್ಯಾಕ್ ಬೆಲ್ಟ್ ಬಂತು. ಅದನ್ನು ಪಡೆದ ಮೊದಲ ಕೆಲವು ಯುರೋಪಿಯನ್ನರಲ್ಲಿ ಅವರೂ ಒಬ್ಬರು. ಅದೇ ವರ್ಷ ಪ್ಯಾರಿಸ್‌ನಲ್ಲಿ ಜುಜುತ್ಸು ಕ್ಲಬ್ ಕಟ್ಟುವುದರಲ್ಲೂ ಮುಂದಿದ್ದರು. ಮಂಡಿ ಮಾತ್ರ ಆಗಾಗ ಕೈಕೊಡುತ್ತಿತ್ತು. ಒಂದು ತಿಂಗಳು ಚೆನ್ನಾಗಿರುತ್ತೆ, ಇನ್ನೊಂದು ತಿಂಗಳು ಊದಿಕೊಂಡು ಮಲಗಿಸುತ್ತೆ.

ಒಳ್ಳೇ ಕಾಲು ಜಾರಿತು, ಕೆಟ್ಟ ಕಾಲು ನಿಂತಿತು

ಈ ಘಟನೆ ನನಗೆ ಇಡೀ ಕಥೆಯಲ್ಲೇ ತುಂಬ ಹಿಡಿಸಿದ್ದು. ಮೋಶೆ ತಾವೇ ಮುಂದೆ ಹೇಳಿಕೊಂಡದ್ದು.

ಒಂದು ದಿನ ಎಡ ಮಂಡಿ ಊದಿತ್ತು. ಒಳ್ಳೇ ಕಾಲಲ್ಲಿ ಕುಪ್ಪಳಿಸುತ್ತಾ ಬೀದಿಯಲ್ಲಿ ಹೋಗುವಾಗ ಎಣ್ಣೆ ಚೆಲ್ಲಿದ್ದ ಜಾಗದಲ್ಲಿ ಜಾರಿದರು. ಈಗ ಒಳ್ಳೇ ಮಂಡಿಯೂ ತಿರುಚಿತು. ಹೇಗೋ ಮನೆ ಸೇರಿ, ಇನ್ನು ಎರಡೂ ಕಾಲು ಹೋಯ್ತು ಅನ್ನುವ ಯೋಚನೆಯಲ್ಲಿ ಮಲಗಿದರು. ಬೆಳಿಗ್ಗೆ ಎದ್ದು ನಿಲ್ಲಲು ನೋಡಿದರೆ, ನಿನ್ನೆವರೆಗೆ ಮೈಭಾರ ತಡೆಯದಿದ್ದ ಎಡಗಾಲು ಈಗ ಭಾರ ಹೊರುತ್ತಿದೆ!

ಒಂದೇ ರಾತ್ರಿಯಲ್ಲಿ ಹರಿದ ಲಿಗಮೆಂಟು ಕೂಡಿಕೊಂಡಿತೇ? ಇಲ್ಲ, ಮೂಳೆ ಮೆತ್ತೆ ಎಲ್ಲ ನಿನ್ನೆ ಇದ್ದ ಹಾಗೇ ಇದೆ. ಹಾಗಾದರೆ ಬದಲಾಗಿದ್ದು ಏನು? ಬಲಗಾಲು ಚೆನ್ನಾಗಿರುವವರೆಗೆ ಎಡಗಾಲಿನ ಸುತ್ತಲ ಮಾಂಸಖಂಡಗಳನ್ನು ಮೆದುಳು ಬಿಗಿಹಿಡಿದು ಇಟ್ಟಿತ್ತು, ಅದನ್ನು ಬಳಸಬೇಡ ಅಂತ. ಬಲಗಾಲು ಕೈಬಿಟ್ಟ ಕೂಡಲೇ ಮೆದುಳು ಆ ಹಿಡಿತ ಸಡಿಲಿಸಿತು. ಮೋಶೆ ಬಂದ ತೀರ್ಮಾನ ಇದು. ಪೆಟ್ಟು ಮಂಡಿಯಲ್ಲಿದೆ ನಿಜ, ಆದರೆ ಕುಂಟುವುದರಲ್ಲಿ ಒಂದು ಪಾಲು ಮೆದುಳಿನ ಅಭ್ಯಾಸ. ಅಭ್ಯಾಸ ಅಂದ ಮೇಲೆ ಅದು ಕಲಿತದ್ದು, ಕಲಿತದ್ದನ್ನು ಬೇರೆ ರೀತಿ ಕಲಿಯಲೂಬಹುದು.

ಇದನ್ನು ಓದಿ ಯಾರೂ ಆಪರೇಷನ್ ಬೇಡ ಅಂತ ಮನೆಗೆ ವಾಪಸ್ ಬರಬೇಡಿ. ಪೂರ್ತಿ ಹರಿದ ಲಿಗಮೆಂಟನ್ನು ಯೋಚನೆಯಿಂದ ಹೊಲಿಯಲು ಆಗಲ್ಲ. ಮೋಶೆ ಕೂಡ ಹಾಗೆ ಹೇಳಲಿಲ್ಲ.

ಜಲಾಂತರ್ಗಾಮಿ ಹುಡುಕುತ್ತಾ ಮಂಡಿ ಹುಡುಕಿದ್ದು

1940ರಲ್ಲಿ ಜರ್ಮನ್ನರು ಪ್ಯಾರಿಸ್ ಹಿಡಿಯುವ ಹೊತ್ತಿಗೆ ಮೋಶೆ, ಮಕ್ಕಳ ಡಾಕ್ಟರ್ ಆಗಿದ್ದ ಅವರ ಹೆಂಡತಿ ಯೋನಾ ಇಂಗ್ಲೆಂಡಿಗೆ ಓಡಿಬಂದರು. ಮೊದಲು ಪರದೇಶದವರು ಅಂತ ಕೆಲವು ದಿನ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಕೂಡಿಹಾಕಿದರು. ಆಮೇಲೆ ಬ್ರಿಟಿಷ್ ನೌಕಾಪಡೆಯೇ ಕರೆದು ಕೆಲಸ ಕೊಟ್ಟಿತು. ಸ್ಕಾಟ್ಲೆಂಡಿನ ಕಡಲ ತೀರದ ಫೇರ್ಲಿ ಅನ್ನೋ ಹಳ್ಳಿಯಲ್ಲಿ, ಶಬ್ದದ ಅಲೆ ಬಿಟ್ಟು ಜರ್ಮನ್ ಸಬ್‌ಮೆರಿನ್ ಎಲ್ಲಿದೆ ಅಂತ ಪತ್ತೆ ಹಚ್ಚುವ ಸಂಶೋಧನೆ. ಅಲ್ಲೇ ಯುದ್ಧ ಮುಗಿಯುವವರೆಗೂ ಇದ್ದರು.

ಕೆಲಸಕ್ಕಾಗಿ ಹಡಗು ಹತ್ತಿ ಇಳಿಯಬೇಕು. ಡೆಕ್ ಯಾವಾಗಲೂ ಒದ್ದೆ. ಜಾರಿ ಜಾರಿ ಹಳೇ ಮಂಡಿ ಮತ್ತೆ ಕೆಟ್ಟಿತು. ಸರ್ಜನ್ ಹತ್ತಿರ ಹೋದರು. ಗುಣವಾಗುವ ಸಾಧ್ಯತೆ ಅರ್ಧಕ್ಕರ್ಧ ಅಂತ ತಿಳಿಯಿತು. ಇಂಜಿನಿಯರ್ ಮನುಷ್ಯ, ಅರ್ಧ ಸಾಧ್ಯತೆಯ ಸೇತುವೆ ಮೇಲೆ ಯಾರು ಲಾರಿ ಹತ್ತಿಸ್ತಾರೆ? ಬೇಡ ಅಂದು ಬಂದುಬಿಟ್ಟರು. ಬಂದ ಮೇಲೆ ಉಳಿದದ್ದು ಎರಡೇ ದಾರಿ. ಜೀವನಪೂರ್ತಿ ಕೋಲು ಹಿಡಿಯುವುದು, ಇಲ್ಲವೇ ನಡಿಗೆ ಅಂದರೇನು ಅಂತ ಮೊದಲಿನಿಂದ ಓದುವುದು.

ಅಂಗರಚನೆ, ನರಶಾಸ್ತ್ರ, ಮನಶ್ಶಾಸ್ತ್ರ ಎಲ್ಲ ಓದಿದರು. ಓದಿದ್ದಕ್ಕಿಂತ ಹೆಚ್ಚು ನೆಲದ ಮೇಲೆ ಮಲಗಿ ಕಳೆದರು. ಕಾಲನ್ನು ಒಂದು ಬೆರಳಗಲ ಸರಿಸುವುದು, ನಿಲ್ಲಿಸುವುದು, ಸೊಂಟದಲ್ಲಿ ಏನಾಯ್ತು, ಪಕ್ಕೆಲುಬಿನಲ್ಲಿ ಏನಾಯ್ತು ಅಂತ ಗಮನಿಸುವುದು. ಗಂಟೆಗಟ್ಟಲೆ ಇದೇ. ನೋಡುವವರಿಗೆ ಹುಚ್ಚು ಅನ್ನಿಸಬೇಕು.

ಅವರು ಕಂಡುಕೊಂಡದ್ದನ್ನು ಇವತ್ತು ಬಯೋಮೆಕಾನಿಕ್ಸ್ ಕಲಿಯುವ ಮಕ್ಕಳು ಪಾಠದಲ್ಲಿ ಓದ್ತಾರೆ. ಮಂಡಿ ನೋವಿಗೆ ಮಂಡಿಯನ್ನೇ ನೋಡುತ್ತಾ ಕೂತರೆ ಅರ್ಧ ಉತ್ತರ ಮಾತ್ರ ಸಿಗುತ್ತೆ. ಮೇಲೆ ಸೊಂಟ, ಕೆಳಗೆ ಹರಡು, ನಡುವೆ ಸಿಕ್ಕಿಕೊಂಡಿರುವುದು ಮಂಡಿ. ಸೊಂಟ ಬಿಗಿಯಾಗಿ ತಿರುಗದೆ ಹೋದರೆ, ತಿರುಗಬೇಕಾದ ಕೆಲಸವನ್ನು ಮಂಡಿ ಮಾಡಬೇಕಾಗುತ್ತೆ. ಅದಕ್ಕೆ ಆ ಕೆಲಸ ಗೊತ್ತಿಲ್ಲ, ನೋಯುತ್ತೆ. ಮೈಯಲ್ಲಿ ದೊಡ್ಡ ಬಲ ಇರುವುದು ಸೊಂಟ, ತೊಡೆ, ಪೃಷ್ಠದಲ್ಲಿ. ದೊಡ್ಡ ಕೆಲಸ ಅವೇ ಮಾಡಬೇಕು, ಸಣ್ಣ ಕೀಲುಗಳು ದಾರಿ ತೋರಿಸಿದರೆ ಸಾಕು. ಮೈಭಾರ ಮೂಳೆಯಿಂದ ಮೂಳೆಗೆ ನೇರವಾಗಿ ಇಳಿದರೆ ಮಾಂಸಖಂಡಕ್ಕೆ ಬಿಡುವು. ಅನುಭವಸ್ಥ ಹಮಾಲರು ಮೂಟೆ ಹೊರುವುದನ್ನು ಗಮನಿಸಿ ನೋಡಿ. ಹೊಸಬ ತೋಳಲ್ಲಿ, ಕತ್ತಲ್ಲಿ ಒದ್ದಾಡುತ್ತಾನೆ. ಹಳಬ ಭಾರವನ್ನು ಬೆನ್ನಿಗೆ ಕೂರಿಸಿ, ಕಾಲ ಮೇಲೆ ಇಳಿಬಿಟ್ಟು ಹೋಗುತ್ತಾನೆ.

ಇನ್ನೊಂದು ಸಂಗತಿ ನಮ್ಮ ಅಂಗಡಿಯವರಿಗೆ ಬೇಗ ಅರ್ಥವಾಗುತ್ತೆ. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ವೆಬರ್, ಫೆಕ್ನರ್ ಅನ್ನೋ ವಿಜ್ಞಾನಿಗಳು ಒಂದು ನಿಯಮ ಹೇಳಿದ್ದರು. ಭಾರ ಹೆಚ್ಚಿದ್ದಷ್ಟೂ ಸಣ್ಣ ವ್ಯತ್ಯಾಸ ನಮಗೆ ತಿಳಿಯುವುದಿಲ್ಲ. ಮೋಶೆ ಹಿಡಿದ ಲೆಕ್ಕ ಸುಮಾರು ನಲವತ್ತರಲ್ಲಿ ಒಂದು ಪಾಲು. 40 ಕೆಜಿ ಮೂಟೆ ಹೊತ್ತವನಿಗೆ ಹತ್ತಿರ ಹತ್ತಿರ ಒಂದು ಕೆಜಿ ಹೆಚ್ಚಾದರೆ ಮಾತ್ರ ಗೊತ್ತಾಗುತ್ತೆ. 400 ಗ್ರಾಂ ಪೊಟ್ಟಣ ಹಿಡಿದವನಿಗೆ 10 ಗ್ರಾಂ ಸಾಕು. ಮೈಗೂ ಇದೇ ಅಂದರು ಮೋಶೆ. ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ವ್ಯಾಯಾಮ ಮಾಡುವವನಿಗೆ ತಾನೆಲ್ಲಿ ತಪ್ಪು ಮಾಡುತ್ತಿದ್ದೇನೆ ಅಂತ ತಿಳಿಯಲು ಸಾಧ್ಯವೇ ಇಲ್ಲ. ಶ್ರಮ ಇಳಿಸಿದರೆ ಮಾತ್ರ ತಕ್ಕಡಿ ಸೂಕ್ಷ್ಮವಾಗುತ್ತೆ. ನಿಧಾನ, ಸಣ್ಣದು, ಹಗುರ ಅನ್ನುವ ಅವರ ಪಾಠದ ಕ್ರಮ ಇಲ್ಲಿಂದ ಬಂತು.

ಫೇರ್ಲಿಯಲ್ಲಿ ಜೊತೆಗಿದ್ದ ವಿಜ್ಞಾನಿಗಳಿಗೆ ಜೂಡೋ ಕಲಿಸುತ್ತಾ, ಈ ವಿಚಾರಗಳ ಬಗ್ಗೆ ಉಪನ್ಯಾಸವನ್ನೂ ಕೊಟ್ಟರು. ಅದೇ ಬೆಳೆದು 1949ರಲ್ಲಿ ಲಂಡನ್‌ನಲ್ಲಿ ಪುಸ್ತಕವಾಯ್ತು. ಕುಂಟುತ್ತಿದ್ದ ಮನುಷ್ಯ ಅಷ್ಟು ಹೊತ್ತಿಗೆ ಮತ್ತೆ ಸರಿಯಾಗಿ ನಡೆಯುತ್ತಿದ್ದರು. ಅವರನ್ನು ನೋಡಿ, ನನ್ನ ಬೆನ್ನು ಹೀಗಿದೆ, ನನ್ನ ಕತ್ತು ಹಾಗಿದೆ ಅಂತ ಸ್ನೇಹಿತರು ಒಬ್ಬೊಬ್ಬರೇ ಬರತೊಡಗಿದರು.

ರೋಗಿ ಅಲ್ಲ, ವಿದ್ಯಾರ್ಥಿ

ಯುದ್ಧ ಮುಗಿದ ಮೇಲೆ ಕೆಲವು ವರ್ಷ ಲಂಡನ್. ನಂತರ ಹೊಸದಾಗಿ ಹುಟ್ಟಿದ್ದ ಇಸ್ರೇಲ್‌ಗೆ ಮರಳಿ ಅಲ್ಲಿನ ಸೈನ್ಯದ ಎಲೆಕ್ಟ್ರಾನಿಕ್ಸ್ ವಿಭಾಗದ ಮುಖ್ಯಸ್ಥರಾದರು. ಒಳ್ಳೇ ಹುದ್ದೆ. ಹಗಲು ಆಫೀಸು, ಉಳಿದ ಹೊತ್ತಿನಲ್ಲಿ ನೋವಿನವರು. ಐವತ್ತರ ಹೊಸ್ತಿಲಲ್ಲಿ ಒಂದನ್ನು ಬಿಡಬೇಕಾಯ್ತು. ನಮ್ಮ ಮನೆಯಲ್ಲಿ ಯಾರಾದರೂ ಈ ವಯಸ್ಸಿಗೆ ಸರ್ಕಾರಿ ಕೆಲಸ ಬಿಟ್ಟು ಜನರನ್ನು ನೆಲದ ಮೇಲೆ ಮಲಗಿಸಿ ಪಾಠ ಮಾಡ್ತೀನಿ ಅಂದರೆ ಏನಾಗುತ್ತೆ ಅಂತ ಯೋಚಿಸಿ. 1954ರ ಹೊತ್ತಿಗೆ ಮೋಶೆ ಇಂಜಿನಿಯರಿಂಗ್ ಬಿಟ್ಟು ಇದಕ್ಕೇ ನಿಂತರು. ಟೆಲ್ ಅವಿವ್‌ನ ಅಲೆಕ್ಸಾಂಡರ್ ಯಾನಾಯ್ ಬೀದಿಯಲ್ಲಿ ಗುಂಪು ತರಗತಿಗಳು ಶುರುವಾದವು.

ಬಂದವರನ್ನು ಅವರು ರೋಗಿ ಅಂತ ಕರೆಯಲಿಲ್ಲ, ವಿದ್ಯಾರ್ಥಿ ಅಂದರು. ಚಿಕಿತ್ಸೆ ಅನ್ನಲಿಲ್ಲ, ಪಾಠ ಅಂದರು. ತಾವು ಡಾಕ್ಟರ್ ಅಲ್ಲ ಅನ್ನುವ ಎಚ್ಚರ ಇದರಲ್ಲಿ ಇರಬಹುದು. ಆದರೆ ನನಗೆ ಕಾಣುವುದು ಬೇರೆ. ಮನೆಪಾಠದ ದಿನಗಳ ಆ ಹುಡುಗ ಇಲ್ಲಿ ಮತ್ತೆ ಬಂದಿದ್ದಾನೆ. ಕಲಿಯಲ್ಲ ಅಂತ ಬೇರೆಯವರು ಬಿಟ್ಟ ಮಗುವಿಗೆ ಕಲಿಸಿದವರು ಈಗ, ಸರಿಹೋಗಲ್ಲ ಅಂತ ಬಿಟ್ಟ ಬೆನ್ನಿಗೆ, ಕಾಲಿಗೆ ಕಲಿಸುತ್ತಿದ್ದರು.

ತರಗತಿಯಲ್ಲಿ ಮೇಷ್ಟ್ರು ಮಾಡಿ ತೋರಿಸುತ್ತಿರಲಿಲ್ಲ. ಬರೀ ಮಾತಲ್ಲಿ ಹೇಳುವುದು. ತೋರಿಸಿದರೆ ಎಲ್ಲರೂ ಮೇಷ್ಟ್ರ ಹಾಗೆ ಮಾಡಲು ಹೋಗುತ್ತಾರೆ, ತಮ್ಮ ಮೈಯನ್ನು ಕೇಳುವುದಿಲ್ಲ. ಒಂದು ಪಾಠ ಹೀಗಿದೆ. ಅಂಗಾತ ಮಲಗಿ ಮಂಡಿ ಮಡಚಿಕೊಳ್ಳಬೇಕು. ಸೊಂಟದ ಹಿಂಭಾಗದಲ್ಲಿ ಒಂದು ಗಡಿಯಾರ ಇದೆ ಅಂದುಕೊಳ್ಳಬೇಕು. ಬೆನ್ನಿನ ಕಡೆ 12, ಬಾಲಮೂಳೆ ಕಡೆ 6. ನಿಧಾನವಾಗಿ 12ರಿಂದ 6ಕ್ಕೆ ಭಾರ ಹೊರಳಿಸುವುದು. ಆಮೇಲೆ 3ರಿಂದ 9ಕ್ಕೆ. ಕೊನೆಗೆ ಪೂರ್ತಿ ಸುತ್ತು. ಎಲ್ಲೋ ಒಂದು ಗಂಟೆಯ ಹತ್ತಿರ ಗಡಿಯಾರ ತಡವರಿಸುತ್ತೆ, ಆ ಜಾಗವನ್ನು ಮೈ ಮರೆತಿದೆ ಅಂತ ಅರ್ಥ. ಕೆಲವು ಪಾಠಗಳಲ್ಲಿ ಒಂದೇ ಪಕ್ಕ ಮಾಡಿಸಿ ಇನ್ನೊಂದು ಪಕ್ಕವನ್ನು ಬರೀ ಮನಸ್ಸಿನಲ್ಲಿ ಮಾಡಿ ಅನ್ನುತ್ತಿದ್ದರು.

ಇದರ ಮೂಲ ಕೂಸುಗಳಲ್ಲಿದೆ. ಮಗು ಬೋರಲು ಬೀಳುವುದನ್ನು, ಅಂಬೆಗಾಲಿಡುವುದನ್ನು ಯಾರೂ ಕಲಿಸುವುದಿಲ್ಲ. ಅದು ನೂರು ಸಲ ಅತ್ತಿತ್ತ ಹೊರಳಿ, ಒಂದು ಸಲ ಸುಲಭವಾದ ದಾರಿ ಸಿಕ್ಕಾಗ ಅದನ್ನು ಹಿಡಿದುಕೊಳ್ಳುತ್ತೆ. ದೊಡ್ಡವರಾದ ಮೇಲೆ ನಾವು ಹೊರಳುವುದನ್ನೇ ಬಿಡುತ್ತೇವೆ. ಆ ಅಲೆಕ್ಸಾಂಡರ್ ಯಾನಾಯ್ ಪಾಠಗಳಲ್ಲಿ 500ಕ್ಕೂ ಹೆಚ್ಚು ಇವತ್ತಿಗೂ ದಾಖಲೆಯಾಗಿ ಉಳಿದಿವೆ.

ಪ್ರಧಾನಿಯ ಶೀರ್ಷಾಸನ

ಹೆಸರು ಊರೆಲ್ಲ ಹಬ್ಬಿದ್ದು 1957ರಲ್ಲಿ. ಇಸ್ರೇಲಿನ ಪ್ರಧಾನಿ ಡೇವಿಡ್ ಬೆನ್ ಗುರಿಯನ್ ಅವರಿಗೆ ವರ್ಷಗಳಿಂದ ಬೆನ್ನುನೋವು. ಮೋಶೆ ಹತ್ತಿರ ಪಾಠಕ್ಕೆ ಕೂತರು. ಅದೇ ವರ್ಷ ಹೆರ್ಜ್ಲಿಯಾ ಸಮುದ್ರ ತೀರದಲ್ಲಿ ಚಡ್ಡಿ ಹಾಕಿಕೊಂಡು ಪ್ರಧಾನಿ ಶೀರ್ಷಾಸನ ಹಾಕಿ ನಿಂತ ಫೋಟೋ ಬಂತು. ವಯಸ್ಸು 70. ಪಾಲ್ ಗೋಲ್ಡ್‌ಮನ್ ತೆಗೆದ ಆ ಚಿತ್ರ ಲೋಕಪ್ರಸಿದ್ಧ.

ನಮಗೆ ಶೀರ್ಷಾಸನ ಹೊಸದಲ್ಲ. ಹೆಚ್ಚು ಕಮ್ಮಿ ಅದೇ ಸಮಯಕ್ಕೆ, 1958ರಲ್ಲಿ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು 80 ದಾಟಿದ್ದ ಬೆಲ್ಜಿಯಂ ರಾಣಿ ಎಲಿಜಬೆತ್ ಅವರಿಗೆ ಇದೇ ಆಸನ ಕಲಿಸಿದ್ದರು. ಅಯ್ಯಂಗಾರ್ ಕೂಡ ಚಿಕ್ಕಂದಿನಲ್ಲಿ ಕಾಯಿಲೆಗಳಿಂದ ಸೊರಗಿ, ತಮ್ಮ ಮೈಯನ್ನೇ ಪುಸ್ತಕದ ಹಾಗೆ ಓದಿ ಗುರುವಾದವರು. ಇಬ್ಬರ ದಾರಿ ಮಾತ್ರ ಬೇರೆ. ಅಯ್ಯಂಗಾರ್ ಅವರಿಗೆ ಆಸನ ಕರಾರುವಾಕ್ಕಾಗಿ ಬರಬೇಕು. ಮೋಶೆಗೆ ಸರಿಯಾದ ಭಂಗಿ ಅಂತ ಒಂದಿಲ್ಲ, ಇದ್ದದ್ದಕ್ಕಿಂತ ಹಗುರವಾದ ಇನ್ನೊಂದು ದಾರಿ ಸಿಕ್ಕರೆ ಸಾಕು.

ಪ್ರಧಾನಿಗಿಂತ ನನಗೆ ಮುಖ್ಯ ಅನ್ನಿಸುವುದು ನೋರಾ ಅನ್ನುವ ಹೆಸರಲ್ಲಿ ಮೋಶೆ ಬರೆದ ಮಹಿಳೆಯ ಸಂಗತಿ. ಸ್ವಿಟ್ಜರ್ಲೆಂಡಿನವರು, ಅರವತ್ತು ದಾಟಿದವರು. ಸ್ಟ್ರೋಕ್ ಆಗಿ ಓದು ಬರಹ ಹೋಗಿತ್ತು. ಮೋಶೆ ಅಕ್ಷರದಿಂದ ಶುರು ಮಾಡಲಿಲ್ಲ. ಆಕೆ ಬಾಗಿಲು ದಾಟುವಾಗ, ಕುರ್ಚಿ ಮೇಲೆ ಕೂರುವಾಗ ತಡವರಿಸುವುದನ್ನು ಮೊದಲು ನೋಡಿದರು. ತನ್ನ ಎಡ ಯಾವುದು ಬಲ ಯಾವುದು ಅಂತ ಮೈಗೆ ತಿಳಿಯದವರಿಗೆ ಸಾಲು ಎಲ್ಲಿಂದ ಶುರು ಅಂತ ಕಣ್ಣಿಗೆ ಹೇಗೆ ತಿಳಿಯಬೇಕು? ಎಡ ಬಲ ಕಲಿಸಿದ ಮೇಲೆ ಸಾಲಿಗೆ ಬಂದರು. ನಿಧಾನವಾಗಿ ಓದು ಮರಳಿತು. 1977ರಲ್ಲಿ ಆ ಪುಸ್ತಕ ಬಂತು.

ಮೇಷ್ಟ್ರನ್ನು ತಯಾರು ಮಾಡಿದ ಮೇಷ್ಟ್ರು

ತಾವೊಬ್ಬರೇ ಮಾಡುತ್ತಾ ಹೋದರೆ ತಮ್ಮ ಜೊತೆಗೇ ಇದು ಹೋಗುತ್ತೆ ಅಂತ ಗೊತ್ತಿತ್ತು. 1969ರಲ್ಲಿ ಟೆಲ್ ಅವಿವ್‌ನಲ್ಲಿ ಹದಿಮೂರು ಜನರ ಮೊದಲ ಶಿಕ್ಷಕ ತರಬೇತಿ ಶುರು ಮಾಡಿದರು. 1975ರಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅರವತ್ತಕ್ಕೂ ಹೆಚ್ಚು ಜನ. 1980ರಲ್ಲಿ ಮ್ಯಾಸಚೂಸೆಟ್ಸ್‌ನ ಆಮ್‌ಹರ್ಸ್ಟ್ ಊರಿನಲ್ಲಿ ಇನ್ನೂರು ದಾಟಿತು. ನಾಟಕ ಲೋಕದ ಪೀಟರ್ ಬ್ರೂಕ್, ಅದೇ ಮಹಾಭಾರತವನ್ನು ರಂಗಕ್ಕೆ ತಂದವರು, ಇವರ ಕೆಲಸ ಮೆಚ್ಚಿದವರಲ್ಲಿ ಒಬ್ಬರು.

ಮೇಷ್ಟ್ರು ಸಾಧು ಮನುಷ್ಯ ಏನಲ್ಲ. ಸಿಟ್ಟು ಬೇಗ. ಸಿಗರೇಟು ಬಿಡಲಿಲ್ಲ, ಮೈ ದಪ್ಪ ಆಗಿತ್ತು. ಮೈಯ ಬಗ್ಗೆ ಜಗತ್ತಿಗೆ ಪಾಠ ಹೇಳಿದವರು ತಮ್ಮ ಎದೆಯ ಮಾತು ಕೇಳಲಿಲ್ಲವಲ್ಲ ಅಂತ ಅನ್ನಿಸುತ್ತೆ. ಅವರ ಪದ್ಧತಿಯ ಬಗ್ಗೆ ಈಗ ಸಂಶೋಧನೆಗಳು ನಡೆದಿವೆ. ವಯಸ್ಸಾದವರು ಬೀಳದಂತೆ ಸಮತೋಲನ ಕಾಪಾಡುವುದು ಮುಂತಾದ ಕೆಲವು ವಿಷಯದಲ್ಲಿ ಉಪಯೋಗ ಕಂಡಿದೆ. ಆದರೆ ಹೆಚ್ಚಿನ ಅಧ್ಯಯನಗಳು ಸಣ್ಣವು. ಎಲ್ಲ ನೋವಿಗೂ ಮದ್ದು ಅಂತ ಯಾರಾದರೂ ಮಾರಲು ಬಂದರೆ ನಂಬಬೇಕಾಗಿಲ್ಲ.

ಆಮ್‌ಹರ್ಸ್ಟ್‌ನ ತರಬೇತಿ ನಾಲ್ಕು ಬೇಸಿಗೆಗಳದ್ದು. ಎರಡು ಬೇಸಿಗೆ ಮೋಶೆ ತಾವೇ ಪಾಠ ಮಾಡಿದರು. 1981ರಲ್ಲಿ ಆರೋಗ್ಯ ಕೆಟ್ಟಿತು, ಮತ್ತೆ ಅಲ್ಲಿಗೆ ಹೋಗಲಾಗಲಿಲ್ಲ. ಇನ್ನೂರು ಜನ ಚಾಪೆ ಹಾಸಿಕೊಂಡು ಕಾಯುತ್ತಿದ್ದರು. ಉಳಿದ ಎರಡು ಬೇಸಿಗೆಯ ಪಾಠವನ್ನು ಅವರೇ ಮೊದಲು ತಯಾರು ಮಾಡಿದ್ದ ಶಿಷ್ಯರು ನಿಂತು ಮುಗಿಸಿಕೊಟ್ಟರು. ಅದಾದ ಮರುವರ್ಷ, 1984ರ ಜುಲೈ 1ರಂದು, ಟೆಲ್ ಅವಿವ್‌ನಲ್ಲಿ ಮೋಶೆ ತೀರಿಕೊಂಡರು. ವಯಸ್ಸು 80 ಆಗಿತ್ತು.